ಅಲ್ಲಿ ಯಾಕಿದ್ದೀರಿ?

ನಮ್ಮ ಶಾಖೆಗೆ 2017ರಲ್ಲಿ ಒಬ್ಬ ಅಸಿಸ್ಟೆಂಟ್ ಮ್ಯಾನೇಜರರು ವರ್ಗವಾಗಿ ಬಂದರು. ಮಹಾರಾಷ್ಟ್ರದ ಉಮರ್ಗಾ ಕಡೆಯವರು. ಮನೆಮಾತು ಕನ್ನಡ, ಕಲಿತದ್ದೆಲ್ಲ ಮರಾಠಿಯಲ್ಲಿ. ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ಮೇಲಿನವರು ಅವರನ್ನು ಕಾಸರಗೋಡಿಗೆ ಕಳಿಸಿದ್ದಿರಬೇಕು. ಬಂದ ಮೊದಲ ವಾರವೇ ಅವರಿಗೆ ಇಲ್ಲಿಯ ಸಂಗತಿ ತಿಳಿಯಿತು. ಕೌಂಟರಿನ ಮುಂದೆ ನಿಂತವರಲ್ಲಿ ಒಬ್ಬರು ಮಲಯಾಳ, ಒಬ್ಬರು ತುಳು, ಒಬ್ಬರು ಬ್ಯಾರಿ, ಒಬ್ಬರು ಕೊಂಕಣಿ. ಕನ್ನಡ ಮಾತಾಡುವವರು ಸಿಕ್ಕಿದರೂ ಆ ಕನ್ನಡ ಅವರ ಕನ್ನಡವಲ್ಲ. "ಇದೇನ್ರೀ, ಒಂದು ತಾಲೂಕಿನಾಗ ಇಷ್ಟು ಭಾಷಾ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಮ್ಮೊಡನೆ ಹೊಂದಿಕೊಂಡರೆನ್ನಿ. ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಅವರ ಶೇಂಗಾ ಚಟ್ನಿಗೂ ನನ್ನ ಮನೆಯ ಕುಚ್ಚಲಕ್ಕಿ ಅನ್ನಕ್ಕೂ ವಿನಿಮಯ ನಡೆಯುತ್ತಿತ್ತು.

2018ರ ಸೆಪ್ಟೆಂಬರ್ ಕೊನೆಯಲ್ಲಿ ಇಂಡೋನೇಷ್ಯದ ಪಾಲು ಎಂಬ ನಗರದಲ್ಲಿ ಭೂಕಂಪವಾಗಿ, ಕಡಲು ಉಕ್ಕಿ, ಸಾವಿರಾರು ಮಂದಿ ಸತ್ತರು. ಊಟದ ಹೊತ್ತಿಗೆ ನಮ್ಮ ಒಬ್ಬ ಕಿರಿಯ ಸಹೋದ್ಯೋಗಿ ಪತ್ರಿಕೆಯಲ್ಲಿ ಬಂದ ಚಿತ್ರ ನೋಡುತ್ತ, "ಯಾಕಾದರೂ ಈ ಜನ ಇಂಥ ಜಾಗದಲ್ಲಿ ಇರುತ್ತಾರೋ! ಬಿಟ್ಟು ಬೇರೆ ಕಡೆಗೆ ಹೋಗಬಾರದೇ?" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಎಲ್ಲರೂ ಹಾಗೆಯೇ ಹೇಳುತ್ತೇವೆ. ಅಸಿಸ್ಟೆಂಟ್ ಮ್ಯಾನೇಜರರು ಬುತ್ತಿಯ ಮುಚ್ಚಳ ಹಾಕಿದರು. "ನಾನೂ ಅಂಥಾ ಊರಾಗ ಬೆಳದಾಂವ ಇದ್ದೀನ್ರೀ" ಎಂದರು.

ಅವರಿಗೆ ಆಗ ಎಂಟು ವರ್ಷ. ಗಣಪತಿ ಹಬ್ಬಕ್ಕೆಂದು ಕಿಲ್ಲಾರಿಯ ಹತ್ತಿರವಿದ್ದ ಅಜ್ಜಿಯ ಊರಿಗೆ ಹೋಗಿದ್ದರು. 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು, ಕುಣಿದು ದಣಿದು, ಊರೆಲ್ಲ ಮಲಗುವಾಗ ನಡುರಾತ್ರಿ ಕಳೆದಿತ್ತು. ಹಂದಿ ಕಾಯಲೆಂದು ಹೊಲಕ್ಕೆ ಹೊರಟ ಸೋದರಮಾವನ ಬೆನ್ನು ಬಿದ್ದು ಈ ಹುಡುಗನೂ ಹೋದ. ಹೊಲದಲ್ಲಿ ಒಂದು ಹುಲ್ಲಿನ ಗುಡಿಸಲು. ಬೆಳಗಿನ ಜಾವ ಮೂರು ಗಂಟೆ ಐವತ್ತಾರು ನಿಮಿಷಕ್ಕೆ ನೆಲ ನಡುಗಿತು. ಗುಡಿಸಲು ವಾಲಿತು, ಬೀಳಲಿಲ್ಲ. ಬಿದ್ದಿದ್ದರೂ ಮೈಮೇಲೆ ಬೀಳುತ್ತಿದ್ದದ್ದು ಹುಲ್ಲು. ಊರ ಕಡೆ ನೋಡಿದರೆ ಕತ್ತಲಲ್ಲಿ ಧೂಳು ಎದ್ದಿತ್ತು. ಅಜ್ಜಿ ಮತ್ತು ಅತ್ತೆ ಮನೆಯೊಳಗಿದ್ದರು. ಅಲ್ಲಿಗೆ ಅವರು ಮಾತು ನಿಲ್ಲಿಸಿದರು. ನಾವು ಕೇಳಲೂ ಇಲ್ಲ.

ಆ ಭೂಕಂಪದ ಪ್ರಮಾಣ 6.2. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡವು ಪ್ರತಿವರ್ಷ ಹತ್ತಾರು ಆಗುತ್ತವೆ. ಆದರೂ ಲಾತೂರು, ಉಸ್ಮಾನಾಬಾದು ಜಿಲ್ಲೆಗಳ ಹಳ್ಳಿಗಳಲ್ಲಿ ಸತ್ತವರ ಸಂಖ್ಯೆ ಎಂಟು ಸಾವಿರದಿಂದ ಹತ್ತು ಸಾವಿರದ ನಡುವೆ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಯಾಕೆಂಬುದಕ್ಕೆ ಉತ್ತರ ನೆಲದಡಿಯಲ್ಲಿ ಅರ್ಧ ಇದೆ, ಇನ್ನರ್ಧ ನೆಲದ ಮೇಲಿದೆ. ನೆಲದಡಿಯ ಕಾರಣವೆಂದರೆ ಕಂಪನ ಹೆಚ್ಚು ಆಳದಲ್ಲಿ ಹುಟ್ಟಲಿಲ್ಲ. ಅದರ ಪೆಟ್ಟು ಹತ್ತಿರದ ಹಳ್ಳಿಗಳಿಗೆ ನೇರ ತಟ್ಟಿತು. ನೆಲದ ಮೇಲಿನ ಕಾರಣ ಮನೆ. ಆ ಸೀಮೆಯ ಮನೆ ಹೇಗೆಂದು ನಮ್ಮ ಕಡೆಯವರಿಗೆ ಕಲ್ಪನೆ ಬರುವುದು ಕಷ್ಟ. ಕಪ್ಪು ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿ ಎರಡು, ಮೂರು, ಕೆಲವೆಡೆ ನಾಲ್ಕು ಅಡಿ ದಪ್ಪದ ಗೋಡೆ. ಮೇಲೆ ಮರದ ತೊಲೆ, ಹಲಗೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹಾಕಿ ಚಪ್ಪಟೆಯಾಗಿ ಬಡಿದ ಮಾಳಿಗೆ. ಮಳೆಗೆ ಸೋರಿದರೆ ಮುಂದಿನ ಬೇಸಗೆಯಲ್ಲಿ ಇನ್ನಷ್ಟು ಮಣ್ಣು. ಅಪ್ಪ ಹಾಕಿದ ಮಣ್ಣಿನ ಮೇಲೆ ಮಗ, ಮಗ ಹಾಕಿದ್ದರ ಮೇಲೆ ಮೊಮ್ಮಗ. ಹೀಗೆ ತಲೆಮಾರು ತಲೆಮಾರಿಗೆ ಮಾಡಿನ ಭಾರ ಏರುತ್ತ ಹೋಯಿತು.

ಇದು ಮೂಢತನವೇ? ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ದಪ್ಪ ಗೋಡೆ, ದಪ್ಪ ಮಾಳಿಗೆ ಇದ್ದರೆ ಒಳಗೆ ತಂಪು. ಮಾಳಿಗೆಯ ಮೇಲೆ ಜೋಳ ಒಣಗಿಸಬಹುದು, ಸೆಕೆಯಲ್ಲಿ ಮಲಗಬಹುದು. ಕಳ್ಳಕಾಕರ ಭಯಕ್ಕೂ ಆ ಗೋಡೆ ಒಳ್ಳೆಯದು. ವರ್ಷದ ಮುನ್ನೂರ ಅರವತ್ತೈದು ದಿನವೂ ಕಾಪಾಡಿದ ಮನೆ, ಕೆಲವು ಸೆಕೆಂಡುಗಳಲ್ಲಿ ಒಳಗಿದ್ದವರನ್ನು ಮುಚ್ಚಿತು. ಬಡವರ ಹುಲ್ಲಿನ ಗುಡಿಸಲುಗಳಲ್ಲಿ ಇದ್ದವರು ಹೆಚ್ಚಾಗಿ ಉಳಿದರು. ಉಳ್ಳವರ ಕಲ್ಲಿನ ವಾಡೆಗಳಲ್ಲಿ ಮಲಗಿದವರು ಹೋದರು. ಗೋಡೆಯ ಮೇಲೆಯೇ ಭಾರ ಹೇರದೆ ಮಾಳಿಗೆಯನ್ನು ಮರದ ಕಂಬಗಳ ಮೇಲೆ ನಿಲ್ಲಿಸಿದ ಮನೆಗಳಲ್ಲಿ ಕೆಲವು, ಗೋಡೆ ಹೊರಗೆ ಕುಸಿದರೂ, ಮಾಡನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದವು.

ಜಪಾನಿನಂಥ ಜಪಾನಿನಲ್ಲೂ 1995ರ ಜನವರಿ 17ರಂದು ಕೋಬೆ ನಗರದಲ್ಲಿ ಆದದ್ದು ಇದೇ ಬಗೆಯದು. ಸತ್ತವರು ಆರು ಸಾವಿರಕ್ಕೆ ಮಿಕ್ಕಿ. ಬಹುಪಾಲು ಹಳೆಯ ಮರದ ಮನೆಗಳ ಅಡಿಯಲ್ಲಿ. ಆ ಮನೆಗಳಿಗೆ ಭಾರದ ಹೆಂಚು ಹೊದಿಸಿದ್ದರು, ಯಾಕೆಂದರೆ ಆ ಕರಾವಳಿಗೆ ಬಿರುಗಾಳಿ ಹೆಚ್ಚು, ಹಗುರದ ಮಾಡು ಹಾರಿಹೋಗುತ್ತದೆ. ಗಾಳಿಗೆಂದು ಹೇರಿದ ಭಾರ ನೆಲ ನಡುಗಿದಾಗ ಶತ್ರುವಾಯಿತು. ನಾನು ಹುಟ್ಟಿ ಬೆಳೆದದ್ದು ಹೆಂಚಿನ ಮಾಡಿನ ಕೆಳಗೆ. ಕೋಬೆಯ ಈ ಸಂಗತಿ ಓದಿದ ರಾತ್ರಿ ಮಲಗಿ ಮೇಲೆ ನೋಡಿದೆ. ಒಂದು ಭಯಕ್ಕೆ ಕಟ್ಟಿದ ಮನೆ ಇನ್ನೊಂದು ಭಯಕ್ಕೆ ಒದಗುವುದಿಲ್ಲ. ಎರಡಕ್ಕೂ ಕಟ್ಟಬೇಕಾದರೆ ಹಣ ಬೇಕು.

ನಮ್ಮ ಕಿರಿಯ ಸಹೋದ್ಯೋಗಿಯ ಪ್ರಶ್ನೆಗೆ ಕಿಲ್ಲಾರಿಯಲ್ಲಿ ಇನ್ನೊಂದು ತೊಡಕೂ ಇದೆ. ದೇಶದ ಭೂಕಂಪ ವಲಯಗಳ ಆಗಿನ ನಕ್ಷೆಯಲ್ಲಿ ಆ ಪ್ರದೇಶ ಒಂದನೆಯ ವಲಯದಲ್ಲಿತ್ತು. ಎಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. ದಖನ್ನಿನ ಕಲ್ಲುನೆಲ ಅಲುಗಾಡದು ಎಂಬುದು ಎಲ್ಲರ ನಂಬಿಕೆ. 1992ರ ಮಳೆಗಾಲದ ಕೊನೆಗೆ ಅಲ್ಲಿ ಮೇಲಿಂದ ಮೇಲೆ ಸಣ್ಣ ಕಂಪನಗಳಾಗಿ, ಜನ ಹೆದರಿ ಹೊರಗೆ ಮಲಗಿದ್ದೂ ಉಂಟು. ಆಮೇಲೆ ಅದು ತಣ್ಣಗಾಯಿತು, ಎಲ್ಲರೂ ಒಳಗೆ ಬಂದರು. ಭೂಕಂಪವಾಗಿ ಒಂಬತ್ತು ವರ್ಷ ಕಳೆದು 2002ರಲ್ಲಿ ನಕ್ಷೆಯನ್ನು ತಿದ್ದಿ, ಒಂದನೆಯ ವಲಯವನ್ನೇ ತೆಗೆದುಹಾಕಿ, ಆ ಪ್ರದೇಶವನ್ನು ಮೂರನೆಯದಕ್ಕೆ ಸೇರಿಸಿದರು. ಹಾಗಾದರೆ 1993ರ ಮುಂಚೆ ಅಪಾಯದ ಜಾಗ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಬೇಕೆಂದು ಯಾರಾದರೂ ನಕ್ಷೆ ಹಿಡಿದು ಹೊರಟಿದ್ದರೆ, ಅವರು ಬಂದು ಮನೆ ಕಟ್ಟಬೇಕಾಗಿದ್ದದ್ದು ಕಿಲ್ಲಾರಿಯಲ್ಲಿ!

ಅವರು ಇಲ್ಲಿಂದ ಸೋಲಾಪುರಕ್ಕೆ ವರ್ಗವಾಗಿ ಹೋದ ಮೇಲೆ, 2019ರ ಡಿಸೆಂಬರಿನಲ್ಲಿ, ಉಮರ್ಗಾದಲ್ಲಿ ಕಟ್ಟಿಸಿದ ಮನೆಯ ವಾಸ್ತುಶಾಂತಿಗೆ ನನ್ನನ್ನು ಕರೆದರು. ಗೃಹಪ್ರವೇಶಕ್ಕೆ ಅಲ್ಲಿ ವಾಸ್ತುಶಾಂತಿ ಎನ್ನುತ್ತಾರೆ. ಸೋಲಾಪುರದಲ್ಲಿಳಿದು ಹೈದರಾಬಾದಿನ ರಸ್ತೆ ಹಿಡಿದು ಹೋದೆ. ಮರುದಿನ ಮೋಟರ್ ಸೈಕಲಿನ ಹಿಂದೆ ಕೂರಿಸಿಕೊಂಡು ಸೋದರಮಾವನ ಊರಿಗೆ ಕರೆದೊಯ್ದರು. ದಾರಿಯುದ್ದಕ್ಕೂ ತೊಗರಿ, ಕಡಲೆ, ಎದೆಯೆತ್ತರದ ಜೋಳ. ನೆಲವೆಲ್ಲ ಕಾಡಿಗೆಯಂತೆ ಕಪ್ಪು. ಕೆಂಪು ಮುರಕಲ್ಲಿನ ನಾಡಿನವನಾದ ನನಗೆ ಆ ಮಣ್ಣನ್ನು ಕೈಯಲ್ಲಿ ತೆಗೆದು ನೋಡಬೇಕೆನಿಸಿತು. ಲಕ್ಷಾಂತರ ವರ್ಷಗಳ ಕಾಲ, ಮನುಷ್ಯನೇ ಇಲ್ಲದ ಕಾಲದಲ್ಲಿ, ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ತಣಿದು, ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಅದು. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಚಳಿಗಾಲವಿಡೀ ಜೋಳವನ್ನು ಸಾಕುತ್ತದೆ. ಜನ ಅಲ್ಲಿ ಯಾಕೆ ನೆಲೆಸಿದರೆಂದು ಆ ಹೊಲಗಳನ್ನು ನೋಡಿದವರು ಕೇಳಲಾರರು.

ಭೂಕಂಪದ ನಂತರ ವಿಶ್ವಬ್ಯಾಂಕಿನ ಸಾಲ, ದೇಶವಿದೇಶಗಳ ನೆರವು ಸೇರಿಸಿ ಸರಕಾರ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿ ಕಟ್ಟಿಕೊಟ್ಟಿತು. ಅದು ಸಣ್ಣ ಕೆಲಸವಲ್ಲ. ಮನೆಯ ಅಳತೆ ಜಮೀನಿನ ಮೇಲೆ: ಭೂಮಿಯಿಲ್ಲದವರಿಗೂ ತೀರ ಸಣ್ಣ ಹಿಡುವಳಿಯವರಿಗೂ 250 ಚದರಡಿ, ನಡುವಿನವರಿಗೆ 450, ದೊಡ್ಡ ಹಿಡುವಳಿಯವರಿಗೆ 750. ಸಾಲದ ಅರ್ಜಿಗಳಲ್ಲೇ ಆಯುಷ್ಯ ಕಳೆಯುವ ನನಗೆ ಆ ಲೆಕ್ಕ ಬಹಳ ಪರಿಚಿತವೆನಿಸಿತು. ಭೂಕಂಪ ಎಲ್ಲರನ್ನೂ ಒಂದೇ ರಾತ್ರಿಗೆ ಸಮ ಮಾಡಿತ್ತು. ಫೈಲು ಬಂದು ಮತ್ತೆ ಅವರವರ ಮೆಟ್ಟಿಲಲ್ಲಿ ನಿಲ್ಲಿಸಿತು.

ಹೊಸ ಊರಿನ ರಸ್ತೆಗಳು ಅಗಲ, ಮನೆಗಳು ಸಾಲು ಸಾಲು, ಹಳೆಯ ಊರಿಗಿಂತ ಹಲವು ಪಟ್ಟು ಹರಡಿಕೊಂಡ ಜಾಗ. ಹಳೆಯ ಊರಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿದ್ದ ಅಣ್ಣತಮ್ಮಂದಿರು ಈಗ ಬೇರೆ ಬೇರೆ ಸಾಲಿನಲ್ಲಿ. ನಾವು ಹೋದಾಗ ಮಾವ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಹಳೆಯ ಊರಿಗೆ ಹೋಗಿದ್ದರು. ಹೊಲ ಇರುವುದು ಅಲ್ಲಿ. ನಾವೂ ಅಲ್ಲಿಗೆ ಹೋದೆವು. ಊರಿದ್ದ ಜಾಗದಲ್ಲಿ ಕಲ್ಲಿನ ದಿಬ್ಬಗಳು, ಅವುಗಳ ನಡುವೆ ಜಾಲಿ. ಒಂದು ಪತ್ರೆಯ ಶೆಡ್ಡು, ಎರಡು ಎಮ್ಮೆ, ಒಂದು ಹೊರಸು. ಎಪ್ಪತ್ತು ದಾಟಿದ ಮಾವ ಹೊರಸಿನ ಮೇಲೆ ಕೂತು ನನ್ನ ಊರು, ಮಕ್ಕಳು, ಮಳೆ ಎಲ್ಲ ವಿಚಾರಿಸಿದರು. ಹೊಸ ಮನೆ ಹೇಗಿದೆಯೆಂದು ಕೇಳಿದೆ.

"ಸರಕಾರ ಮನಿ ಕೊಟ್ಟದ, ಸುಳ್ಳು ಯಾಕ ಹೇಳ್ಲಿ. ಆದ್ರ ಹೊಲ ಹೊತಗೊಂಡು ಹೋಗ್ಲಿಕ್ಕ ಬರೂದಿಲ್ಲಲ್ರೀ."

ಅವರ ಹೆಂಡತಿ ಸತ್ತದ್ದು ಇದೇ ದಿಬ್ಬಗಳಲ್ಲೊಂದರ ಅಡಿಯಲ್ಲಿ. ದಿನವೂ ಅದರ ಪಕ್ಕದಲ್ಲಿಯೇ ಎಮ್ಮೆ ಕಟ್ಟುತ್ತಾರೆ. ಭಯವಾಗುವುದಿಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಕೇಳಬೇಕಾಗಿಯೂ ಬರಲಿಲ್ಲ. ಶೆಡ್ಡನ್ನು ನೋಡಿದರೆ ತಿಳಿಯುತ್ತಿತ್ತು. ಹಳೆಯ ಮನೆಯ ಕಲ್ಲನ್ನೇ ಆಯ್ದು, ಸಿಮೆಂಟು ಹಾಕಿ, ಸೊಂಟದ ಮಟ್ಟಕ್ಕೆ ಗೋಡೆ ಕಟ್ಟಿದ್ದರು. ಅದರಿಂದ ಮೇಲೆ ಕಬ್ಬಿಣದ ಕಂಬ, ತಗಡು. ಹೊಸ ಊರಲ್ಲಿ ಮಗ ಸೇರಿಸಿ ಕಟ್ಟಿದ ಕೋಣೆಯೂ ಹಾಗೆಯೇ. "ಮಲಗಿದಾಗ ನನ್ನ ತಲಿಗಿಂತ ಮ್ಯಾಲ ಕಲ್ಲ ಇರಬಾರದು" ಎಂದರು. ಬೇಸಗೆಯಲ್ಲಿ ಆ ತಗಡಿನ ಕೆಳಗೆ ಹೇಗೆ ಇರುತ್ತಾರೆ ಎಂದು ಕೇಳಿದ್ದಕ್ಕೆ ಅಳಿಯನೇ ಉತ್ತರ ಹೇಳಿದರು: "ಬೇವಿನ ಗಿಡದ ಬುಡಕ ಇರ್ತಾರ್ರೀ."

ವಾಪಸು ಬರುವಾಗ ರೈಲಿನಲ್ಲಿ ನಾನು ಇದನ್ನೇ ಯೋಚಿಸಿದೆ. ಆ ಮುದುಕ ಜಾಗ ಬಿಡಲಿಲ್ಲ, ಆದರೆ ಗೋಡೆಯನ್ನು ಬಿಟ್ಟರು. ನಾವು "ಯಾಕೆ ಹೋಗುವುದಿಲ್ಲ" ಎಂದು ಕೇಳುವಾಗ, ಹೋಗುವುದು ಅಥವಾ ಇರುವುದು ಎಂಬ ಎರಡೇ ದಾರಿ ಇವೆಯೆಂದು ತಿಳಿದು ಕೇಳುತ್ತೇವೆ.

ಅಲ್ಲಿಂದೀಚೆಗೆ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದುವ ಹವ್ಯಾಸ ಹತ್ತಿತು. ಬಿ.ಎ.ಗೆ ಇತಿಹಾಸ ಓದಿದವನು ನಾನು. ವಿಜ್ಞಾನ ಅರ್ಧ ಮಾತ್ರ ತಲೆಗೆ ಹೋಗುತ್ತದೆ, ಜನರ ಸಂಗತಿ ಪೂರ್ತಿ ಹೋಗುತ್ತದೆ. ಅದರಲ್ಲಿ ಮನಸ್ಸಿಗೆ ಬಹಳ ತಟ್ಟಿದ್ದು ಜಾವಾ ದ್ವೀಪದ ಮೆರಾಪಿ ಎಂಬ ಅಗ್ನಿಪರ್ವತದ ಕಥೆ. ಯೋಗ್ಯಕರ್ತ ನಗರದ ಉತ್ತರಕ್ಕೆ, ಹೆಚ್ಚು ಕಡಿಮೆ 2,900 ಮೀಟರ್ ಎತ್ತರ. ಬೊರೊಬುದೂರಿನ ದೊಡ್ಡ ಬೌದ್ಧ ಸ್ಮಾರಕವೂ ಇದರ ಹತ್ತಿರವೇ. ಕೆಲವು ವರ್ಷಗಳಿಗೊಮ್ಮೆ ಈ ಪರ್ವತ ಹೊಗೆ, ಬೂದಿ, ಬೆಂಕಿ ಉಗುಳುವುದು ರೂಢಿ. 1930ರಲ್ಲಿ ಸಾವಿರಕ್ಕೂ ಮಿಕ್ಕಿ ಜನ ಸತ್ತಿದ್ದರು. ಆದರೂ ಅದರ ಇಳಿಜಾರಿನಲ್ಲಿ ಮೇಲೆ ಮೇಲಕ್ಕೆ ಹಳ್ಳಿಗಳು.

ಬೂದಿ ಬಿದ್ದರೆ ನೆಲ ಫಲವತ್ತಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅಷ್ಟು ಸುಲಭದ ಮಾತಲ್ಲ. ಹೊಸ ಬೂದಿ ಮೊದಲು ಬೆಳೆಯನ್ನು ಸುಡುತ್ತದೆ, ಮಾಡನ್ನು ಕುಸಿಯುತ್ತದೆ, ಹೊಳೆಯನ್ನು ಕೆಸರು ಮಾಡುತ್ತದೆ. ಮಳೆಯೂ ಬಿಸಿಲೂ ಅದನ್ನು ವರ್ಷಗಟ್ಟಲೆ ಅರೆದ ಮೇಲೆ ಅದರೊಳಗಿನ ಪೊಟ್ಯಾಶ್, ರಂಜಕ ಮೊದಲಾದವು ಗಿಡದ ಬೇರಿಗೆ ದಕ್ಕುತ್ತವೆ. ಎಂದರೆ ಅಜ್ಜನ ಮೇಲೆ ಬಿದ್ದ ಬೂದಿಯನ್ನು ಮೊಮ್ಮಗ ಉಣ್ಣುತ್ತಾನೆ. ಬೆಟ್ಟದ ಮೇಲ್ಭಾಗದಲ್ಲಿ ಮಳೆ ಚೆನ್ನಾಗಿದೆ, ಹುಲ್ಲು ಸಮೃದ್ಧ, ಹಾಲಿನ ಹಸುಗಳನ್ನು ಸಾಕುತ್ತಾರೆ. ಸ್ಫೋಟವಾದ ಮೇಲೆ ಹೊಳೆಯಲ್ಲಿ ಬಂದು ನಿಲ್ಲುವ ಮರಳೂ ಕಲ್ಲೂ ಒಂದು ಸಂಪಾದನೆ. ಲಾರಿಗಟ್ಟಲೆ ನಗರಕ್ಕೆ ಹೋಗುತ್ತದೆ. ಕೊಲ್ಲುವುದೂ ಅದೇ ಬೆಟ್ಟ, ಕೂಲಿ ಕೊಡುವುದೂ ಅದೇ.

2010ರ ಅಕ್ಟೋಬರ್ 26ರಂದು ಮೆರಾಪಿ ಸ್ಫೋಟಿಸಿತು. ನವೆಂಬರ್ 5ರಂದು ಇನ್ನೂ ದೊಡ್ಡದಾಗಿ. ಸತ್ತವರು 350ರಷ್ಟು, ಮೂರು ಲಕ್ಷಕ್ಕೂ ಮಿಕ್ಕಿ ಜನರನ್ನು ಕೆಳಗೆ ಸಾಗಿಸಿದ್ದರು. ಸಾಗಿಸದೆ ಇದ್ದಿದ್ದರೆ ಸಾವು ಎಷ್ಟಾಗುತ್ತಿತ್ತೋ. ಅಲ್ಲಿಯ ವಿಜ್ಞಾನಿಗಳ ಮತ್ತು ಅಧಿಕಾರಿಗಳ ಈ ಕೆಲಸವನ್ನು ಮೆಚ್ಚಲೇಬೇಕು. ಆದರೆ ಶಿಬಿರಕ್ಕೆ ಹೋದ ಗಂಡಸರಲ್ಲಿ ಎಷ್ಟೋ ಮಂದಿ ಹಗಲಿಗೆ ಕದ್ದು ಮೇಲೆ ಹತ್ತುತ್ತಿದ್ದರು. ಯಾಕೆ? ಹಸುಗಳಿಗೆ ಹುಲ್ಲು ಹಾಕಲಿಕ್ಕೆ. ಸರಕಾರಕ್ಕೆ ಕೊನೆಗೆ ಇದು ಅರ್ಥವಾಗಿ, ದನಗಳನ್ನು ನಾವೇ ಕ್ರಯ ಕೊಟ್ಟು ಕೊಳ್ಳುತ್ತೇವೆ, ನೀವು ಮೇಲೆ ಹೋಗಬೇಡಿ ಎಂದು ಸಾರಬೇಕಾಯಿತು. ನನಗೆ ಇದು ಆ ಇಡೀ ದುರಂತದಲ್ಲಿ ಕಂಡ ಅತ್ಯಂತ ಬುದ್ಧಿವಂತಿಕೆಯ ಆಜ್ಞೆ. ಜೀವ ಉಳಿಸಬೇಕಾದರೆ ಮೊದಲು ಜೀವನವನ್ನು ಉಳಿಸಬೇಕೆಂದು ಯಾರೋ ಒಬ್ಬರು ಅಲ್ಲಿ ತಿಳಿದಿದ್ದರು.

ಕಿನಾಹ್ರೆಜೊ ಎಂಬ ಹಳ್ಳಿಯಲ್ಲಿ ಮ್ಬಾಹ್ ಮರಿಜಾನ್ ಎಂಬ ಮುದುಕರಿದ್ದರು. ಯೋಗ್ಯಕರ್ತದ ಸುಲ್ತಾನರು ನೇಮಿಸಿದ ಪರ್ವತದ ಪಾಲಕ ಅವರು. ಬೆಟ್ಟಕ್ಕೆ ಅರಮನೆಯ ಪರವಾಗಿ ವರ್ಷಕ್ಕೊಮ್ಮೆ ಕಾಣಿಕೆ ಒಪ್ಪಿಸುವುದು ಅವರ ಹೊಣೆ. ನಮ್ಮ ಕಡೆ ದೈವಸ್ಥಾನಗಳಲ್ಲಿ ಮನೆತನದ ಹಕ್ಕಿನಿಂದ ಸೇವೆ ಮಾಡುವವರನ್ನು ಕಂಡವರಿಗೆ ಆ ಸ್ಥಾನದ ತೂಕ ಗೊತ್ತಾಗುತ್ತದೆ. 2006ರಲ್ಲಿ ಇಳಿಯಿರೆಂದಾಗ ಅವರು ಇಳಿಯಲಿಲ್ಲ, ಬದುಕಿದರು, ದೇಶಕ್ಕೆಲ್ಲ ಹೆಸರಾದರು. 2010ರಲ್ಲೂ ಇಳಿಯಲಿಲ್ಲ. ಬಿಸಿ ಬೂದಿಯ ಮೋಡ ಹಳ್ಳಿಯ ಮೇಲೆ ಇಳಿಯಿತು, ಅವರ ಜತೆಗೆ ಅವರ ಮನೆಯಲ್ಲಿದ್ದ ಇತರರೂ ಸತ್ತರು. ಅವರಿಗೆ 83 ವರ್ಷ. ಅವರ ನಿಷ್ಠೆಯನ್ನು ಕೊಂಡಾಡಿದವರಿದ್ದಾರೆ. ನನಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ತಾನು ಇರುವುದು ಒಬ್ಬನ ಧರ್ಮ. ತನ್ನನ್ನು ನೋಡಿ ಬೇರೆಯವರು ಇರುವುದು ಇನ್ನೊಂದು ಲೆಕ್ಕ.

ಆ ಹಳ್ಳಿಯ ಜನಕ್ಕೆ ಕೆಳಗೆ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ಹಳೆಯ ಜಾಗದಲ್ಲಿ ವಾಸಕ್ಕೆ ಅವಕಾಶವಿಲ್ಲ, ಆದರೆ ಬೆಳೆ ತೆಗೆಯಬಹುದು, ಹುಲ್ಲು ಕೊಯ್ಯಬಹುದು. ಹಗಲು ಮೇಲೆ, ರಾತ್ರಿ ಕೆಳಗೆ. ಕಿಲ್ಲಾರಿಯ ಮಾವನ ಏರ್ಪಾಡೂ ಇದೇ.

ಇಟಲಿಯ ವೆಸೂವಿಯಸ್ಸಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಒಂದೆರಡು ಮಾತು ಸಾಕು. 1631ರಲ್ಲಿ ಅದು ಸಾವಿರಾರು ಜನರನ್ನು ಕೊಂದಾಗ, ಬೆಟ್ಟ ಗುಡುಗಿದರೆ ತಡಮಾಡದೆ ಓಡಿರೆಂದು ಮುಂದಿನ ಪೀಳಿಗೆಗಳಿಗೆ ಎಚ್ಚರಿಕೆ ಕೆತ್ತಿಸಿ ಪೋರ್ತಿಚಿ ಎಂಬಲ್ಲಿ ಒಂದು ಶಿಲಾಶಾಸನ ನಿಲ್ಲಿಸಿದರು. ಪೋರ್ತಿಚಿ ಈಗ ಯುರೋಪಿನಲ್ಲೇ ಅತ್ಯಂತ ದಟ್ಟವಾಗಿ ಜನ ತುಂಬಿದ ಪಟ್ಟಣಗಳಲ್ಲೊಂದು! 1944ರಲ್ಲಿ ಲಾವಾ ಹರಿದು ಹಾಳಾದ ಸಾನ್ ಸೆಬಾಸ್ತಿಯಾನೊ ಊರನ್ನು ಅಲ್ಲಿಯೇ ಮತ್ತೆ ಕಟ್ಟಿದರು. 2003ರಲ್ಲಿ ಅಲ್ಲಿಯ ಪ್ರಾಂತ ಸರಕಾರ, ಬೆಟ್ಟದ ಬುಡ ಬಿಟ್ಟು ಹೋಗುವ ಸಂಸಾರಕ್ಕೆ 30,000 ಯೂರೋವರೆಗೆ ಕೊಡುತ್ತೇವೆಂದಿತು. ಹೋದವರು ಸ್ವಲ್ಪ. ಅಪಾಯದ ಕೆಂಪು ವಲಯದಲ್ಲಿ ಏಳು ಲಕ್ಷದಷ್ಟು ಜನ ಇದ್ದಾರೆ. ಆ ಹಣದಲ್ಲಿ ನೇಪಲ್ಸಿನ ಬಳಿ ಬೇರೆ ಮನೆ ಸಿಗುವುದಿಲ್ಲವೆಂದು ಹೇಳಲು ಬ್ಯಾಂಕಿನ ಗುಮಾಸ್ತನೇ ಆಗಬೇಕೆಂದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ "ಅಲ್ಲಿ ಯಾಕಿದ್ದೀರಿ" ಎಂಬ ಪ್ರಶ್ನೆ ಕಾಸರಗೋಡಿನ ಕನ್ನಡಿಗರಿಗೆ ಚಿರಪರಿಚಿತ. 1956ರ ನವೆಂಬರ್ 1ರಿಂದ ನಮ್ಮ ಹಿರಿಯರು ಕೇಳಿಸಿಕೊಂಡು ಬಂದದ್ದು ಇದನ್ನೇ. ಮದುವೆಮುಂಜಿಗೆ ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, "ಮಕ್ಕಳಿಗೆ ಕನ್ನಡ ಮಾಸ್ತರರಿಲ್ಲ, ಅರ್ಜಿಯೆಲ್ಲ ಮಲಯಾಳದಲ್ಲಿ, ಈಚೆ ಬಂದುಬಿಡಬಾರದೇ?" ಎಂದು ಪಾಯಸದ ನಡುವೆ ಕೇಳುತ್ತಾರೆ. ಭಾಷೆಯ ಕಷ್ಟ ಬೇರೆ, ಮನೆಯೇ ಮೈಮೇಲೆ ಬೀಳುವ ಕಷ್ಟ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಕಿಲ್ಲಾರಿಯವರಿಗೆ ಅವಮಾನ. ನನ್ನ ಮಾತು ಕೇಳುವವರ ಬಗೆಗೆ ಮಾತ್ರ. ಆ ಪ್ರಶ್ನೆಯನ್ನು ಕೇಳುವವರಿಗೆ ಸಾಮಾನ್ಯವಾಗಿ ಸಂಬಳವಿರುತ್ತದೆ, ಸಂಬಳ ಎಲ್ಲಿಗೆ ಬೇಕಾದರೂ ಬರುತ್ತದೆ. ಮಣ್ಣಿನಿಂದ ಉಣ್ಣುವವನ ಹತ್ತಿರ ಇರುವ ಆಸ್ತಿ ಒಂದೇ. ಅದನ್ನು ಅಪಾಯದ ಜಾಗವೆಂದು ಸರಕಾರ ಬರೆದ ದಿನವೇ ಅದರ ಕ್ರಯ ಬಿದ್ದುಹೋಗುತ್ತದೆ. ಮಾರಿ ಹೋಗೋಣವೆಂದರೆ ಕೊಳ್ಳುವವರಿಲ್ಲ, ಅಡವಿಟ್ಟು ಹೋಗೋಣವೆಂದರೆ ನಮ್ಮಂಥ ಬ್ಯಾಂಕಿನವರು ಕನ್ನಡಕ ಸರಿಮಾಡಿಕೊಳ್ಳುತ್ತೇವೆ.

ಮಾರುವುದಕ್ಕೂ ಇಲ್ಲದವರ ಗತಿ 2024ರ ಜುಲೈ 30ರ ಮುಂಜಾನೆ ವಯನಾಡಿನಲ್ಲಿ ನಾವೆಲ್ಲ ನೋಡಿದೆವು. ಮುಂಡಕ್ಕೈ, ಚೂರಲ್‌ಮಲ ಜಗತ್ತಿಗೆ ಗೊತ್ತಾದದ್ದೇ ಅಂದು. ಇನ್ನೂರೈವತ್ತಕ್ಕೂ ಮಿಕ್ಕಿ ಜನ ಹೋದರು. ಅದು ಭೂಕಂಪವಲ್ಲ, ಮಳೆಗೆ ಗುಡ್ಡ ಜರಿದದ್ದು. ಆದರೆ ಮರುದಿನ ಕೇಳಿಬಂದ ಪ್ರಶ್ನೆ ಅದೇ. ಸತ್ತವರಲ್ಲಿ ಎಷ್ಟೋ ಮಂದಿ ಚಹಾ ತೋಟದ ಪಾಡಿಗಳಲ್ಲಿ ಇದ್ದವರು. ಜಾಗ ಆರಿಸಿದ್ದು ಅವರಲ್ಲ, ತೋಟ. ಕೆಲಸ ಎಲ್ಲಿಯೋ ಸೂರು ಅಲ್ಲಿ. ಉಳಿದವರಿಗೆಂದು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ 2025ರ ಮಾರ್ಚಿನಲ್ಲಿ ಹೊಸ ಊರಿಗೆ ಕಲ್ಲು ಹಾಕಿದರು. ಅಲ್ಲಿ ಮನೆ ಬೇಡವೆಂದವರಿಗೆ 15 ಲಕ್ಷ ರೂಪಾಯಿ.

ಆ ಜುಲೈ ತಿಂಗಳಿನಲ್ಲಿ ನಮ್ಮ ಮನೆಯ ಬರೆಯೂ ಜರಿಯಿತು. ಪೆರ್ಲದಿಂದ ಮೇಲೆ, ಗಡಿಯ ಹತ್ತಿರ ನಮ್ಮ ತರವಾಡು. ಅಣ್ಣ, ಅತ್ತಿಗೆ, ಅಮ್ಮ ಅಲ್ಲಿದ್ದಾರೆ. ಅಜ್ಜ ಗುಡ್ಡೆಯನ್ನು ಕಡಿದು ಜಾಗ ಸಮ ಮಾಡಿ ಕಟ್ಟಿದ ಮನೆ. ಹಿಂದೆ ಎರಡಾಳೆತ್ತರದ ಬರೆ, ಮುಂದೆ ಕೆಳಗೆ ಅಡಿಕೆ ತೋಟ. ಮನೆಯ ಹಿಂದಿನ ಅದೇ ಗುಡ್ಡೆಯೊಳಗೆ ಅಜ್ಜ ತೋಡಿಸಿದ ತೊಂಬತ್ತು ಕೋಲು ಸುರಂಗ. ಏಪ್ರಿಲ್, ಮೇಯಲ್ಲೂ ಅದರ ನೀರು ಬತ್ತಿದ್ದನ್ನು ನಾನು ಕಂಡಿಲ್ಲ. ಪಂಪು ಬೇಡ, ಕರೆಂಟು ಬೇಡ, ತನ್ನಷ್ಟಕ್ಕೆ ಹರಿದು ಬಂದು ಮದಕಕ್ಕೆ ಬೀಳುತ್ತದೆ. ಆ ನೀರಿನಿಂದ ತೋಟ, ತೋಟದಿಂದ ನನ್ನ ಬಿ.ಎ., ಅಕ್ಕನ ಮದುವೆ ಎಲ್ಲ.

ಬರೆಯಿಂದ ಒಂದು ಗಾಡಿಯಷ್ಟು ಮಣ್ಣು ಅಡುಗೆಮನೆಯ ಗೋಡೆಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ವಿಲ್ಲೇಜಾಫೀಸಿನವರು ಬಂದು ನೋಡಿ, ಮಳೆ ನಿಲ್ಲುವವರೆಗೆ ಬೇರೆ ಕಡೆ ಇರಿ ಎಂದರು. ಅಮ್ಮನನ್ನು ಪೇಟೆಯ ನನ್ನ ಮನೆಗೆ ಕರೆತಂದೆ. ಹನ್ನೆರಡು ದಿನ ಇದ್ದರು. ಹದಿಮೂರನೆಯ ದಿನ ಮಳೆ ಬಿಡುವು ಕೊಟ್ಟದ್ದೇ ತಡ, "ದನಕ್ಕೆ ಅವಳೊಬ್ಬಳೇ ಆಗುವುದಿಲ್ಲ" ಎಂದು ಹೊರಟುಬಿಟ್ಟರು. ಮೆರಾಪಿಯ ಹಸುಗಳ ಕಥೆ ಅವರಿಗೆ ಹೇಳಿದೆ. "ಹೌದಲ್ಲ, ಪಾಪ" ಎಂದರು, ಹಸುಗಳ ಬಗ್ಗೆ.

ಅಣ್ಣನ ಹತ್ತಿರ ಜಗಲಿಯಲ್ಲಿ ಕೂತು ಮಾತಾಡಿದೆ. ಮಾತೆನ್ನುವುದಕ್ಕಿಂತ ಜಗಳ. ಮಾರಿ ಬಾ, ಪೇಟೆಯಲ್ಲಿ ಏನಾದರೂ ನೋಡೋಣ ಎಂದೆ. "ಗುಡ್ಡೆ ಜರಿಯುತ್ತದೆ ಅಂತ ನೀನು ಹೇಳುವುದು ಸರಿ ಮಾರಾಯ. ಆದರೆ ನೀರು ಕೊಡುವುದೂ ಆ ಗುಡ್ಡೆಯೇ ಅಲ್ಲವಾ? ಅದು ಜರಿದದ್ದು ಒಂದು ಸಲ, ನೀರು ಬಂದದ್ದು ಎಂಬತ್ತು ವರ್ಷ" ಎಂದ. ನಾನು ಅಮ್ಮನ ಹೆಸರೆತ್ತಿದೆ. ಅವನು ಸುಮ್ಮನಾದ. ಅಮ್ಮ ಮಲಗುವುದು ಬರೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಅಲ್ಲಿ ತಂಪು ಎಂಬ ಕಾರಣಕ್ಕೆ. ಕಿಲ್ಲಾರಿಯ ಅಜ್ಜಿಯೂ ಅಂಥ ಕೋಣೆಯಲ್ಲೇ ಮಲಗಿದ್ದಿರಬೇಕು. ಆ ಅಜ್ಜಿಯ ವಿಷಯ ಅಣ್ಣನಿಗೆ ಹೇಳಿದೆ; ಮಾವನ ಶೆಡ್ಡಿನ ಸೊಂಟದೆತ್ತರದ ಗೋಡೆಯನ್ನೂ ಹೇಳಿದೆ. ಅವನು ಬಹಳ ಹೊತ್ತು ಅಡಿಕೆ ಸುಲಿಯುತ್ತ ಕೂತಿದ್ದ. ಕೊನೆಗೆ "ಆಚೆ ತೋಡಿನ ಬದಿ, ರಸ್ತೆಗೆ ತಾಗಿದ ಹತ್ತು ಸೆಂಟ್ಸು ಉಂಟಲ್ಲ" ಎಂದ.

ಆ ಹತ್ತು ಸೆಂಟ್ಸು ಸಮತಟ್ಟು, ಹಿಂದೆ ಗುಡ್ಡೆಯಿಲ್ಲ, ತೋಡಿನ ನೀರೂ ಅಷ್ಟು ಮೇಲೆ ಏರುವುದಿಲ್ಲ. ಎರಡು ಕೋಣೆ, ಒಂದು ಜಗಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಅಲ್ಲಿ ಮಲಗುವುದು. ಹಟ್ಟಿ, ಅಡುಗೆಮನೆ, ತೋಟ, ಸುರಂಗ ಇದ್ದಲ್ಲೇ ಇರುವುದು. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಮೇಲಿನ ನೀರಿಗೆ ಬೇರೆ ಕಣಿ ತೋಡುವುದು. ಸಾಲದ ಅರ್ಜಿಯನ್ನು ನಾನೇ ತುಂಬಿಸಿದೆ. ಆಧಾರ, ಭೂತೆರಿಗೆ ರಶೀದಿ, ಪೊಸೆಶನ್ ಸರ್ಟಿಫಿಕೇಟು ಎಲ್ಲ ಅಣ್ಣ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟ. ಅರ್ಜಿಯಲ್ಲಿ ಸಾಲದ ಉದ್ದೇಶ ಎಂಬ ಕಾಲಂ ಬಂದಾಗ "ಮನೆ ಕಟ್ಟಲು" ಎಂದು ಬರೆದೆ. ಈಗಿರುವ ಮನೆ ಎಂಬಲ್ಲಿ "ಉಂಟು" ಎಂದು.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಇನ್ನು ಮಾಡು. ತಗಡು ಹಾಕುವ ಎಂದು ನಾನು, ಕಾಂಕ್ರೀಟು ಎಂದು ಅಣ್ಣ. ಅಮ್ಮನಿಗೆ ಹೆಂಚೇ ಆಗಬೇಕು.